ಚಾಲ್ತಿಯಲ್ಲಿರುವ ಜಾಲತಾಣದ ನವೀಕರಣ: ವಹಿಸಬೇಕಾದ ಎಚ್ಚರಗಳು

ಪೀಣ್ಯದ ಪಂಪ್ ತಯಾರಕರೊಬ್ಬರ ಜಾಲತಾಣವನ್ನು ಹೊಸದಾಗಿ ರೂಪಿಸುವ ಕೆಲಸವು ವಿನ್ಯಾಸ ಸಂಸ್ಥೆಯೊಂದಕ್ಕೆ ದೊರೆಯಿತೆಂದು ಭಾವಿಸಬಹುದು. ಹಳೆಯ ತಾಣವು ನೋಡಲು ಸೊಗಸಾಗಿಲ್ಲ. ಆದರೆ ಬೆಲೆ ವಿಚಾರಿಸುವ ಪತ್ರಗಳು ನಿತ್ಯವೂ ಬರುತ್ತಿರುವುದು ಅದರ ಮೂಲಕವೇ. ಹೊಸದನ್ನು ಕಟ್ಟುವ ಅವಧಿಯಲ್ಲಿ ಇವು ಒಂದು ದಿನವೂ ನಿಲ್ಲಬಾರದು.

ಆದುದರಿಂದ ಚಾಲ್ತಿಯಲ್ಲಿರುವ ಕಡತಗಳನ್ನು ನೇರವಾಗಿ ತಿದ್ದುವುದು ಸಲ್ಲದು. ಕಡತಗಳ ಹಾಗೂ ದತ್ತಾಂಶದ ಪೂರ್ಣ ಪ್ರತಿಯನ್ನು ತೆಗೆದಿರಿಸಿ, ಹೊಸ ತಾಣವನ್ನು ಪ್ರತ್ಯೇಕ ವಿಳಾಸದಲ್ಲಿ, ಪಾಸ್‌ವರ್ಡ್ ರಕ್ಷಣೆಯೊಡನೆ ನಿರ್ಮಿಸಬೇಕು. ಅರೆಬರೆ ಪುಟಗಳು ಗೂಗಲ್‌ನಲ್ಲಿ ಕಾಣಿಸದಿರಲೆಂದು ಕೆಲವರು ‘ನೋಇಂಡೆಕ್ಸ್’ ಸೂಚನೆಯನ್ನು ಬರೆದಿಡುವುದುಂಟು. ಬಿಡುಗಡೆಯ ದಿನ ಅದನ್ನು ಅಳಿಸಲು ಮರೆತರೆ ಹೊಸ ತಾಣವೇ ಹುಡುಕಾಟದಿಂದ ಮರೆಯಾಗುತ್ತದೆ.

ಹೆಚ್ಚಿನ ಹಾನಿಯು ಸಂಭವಿಸುವುದು ಪುಟಗಳ ವಿಳಾಸಗಳು ಬದಲಾಗುವುದರಿಂದ. ಒಮ್ಮೆ ನೀಡಿದ ವಿಳಾಸವನ್ನು ಬದಲಿಸಬಾರದೆಂದು ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ 1998ರಲ್ಲಿಯೇ ಪ್ರತಿಪಾದಿಸಿದ್ದರು. ವಿತರಕರ ಮುದ್ರಿತ ಕೈಪಿಡಿಗಳಲ್ಲಿ, ಖರೀದಿದಾರರ ಹಳೆಯ ಪತ್ರಗಳಲ್ಲಿ, ಇತರರ ತಾಣಗಳಲ್ಲಿ ಆ ವಿಳಾಸಗಳು ಉಳಿದಿರುತ್ತವೆ. ಬದಲಾವಣೆ ಅನಿವಾರ್ಯವಾದಲ್ಲಿ, ಖಾತೆ ಪುಸ್ತಕದಂತೆ ಎರಡು ಅಂಕಣಗಳ ಪಟ್ಟಿಯೊಂದನ್ನು ಸಿದ್ಧಪಡಿಸಬೇಕು: ಒಂದರಲ್ಲಿ ಹಳೆಯ ವಿಳಾಸ, ಇನ್ನೊಂದರಲ್ಲಿ ಅದಕ್ಕೆ ಸಮನಾದ ಹೊಸದು. ಸರ್ವರ್‌ನ ಭೇಟಿ ದಾಖಲೆಯನ್ನು ಪರಿಶೀಲಿಸಿದಾಗ ಮಾಲೀಕರೇ ಮರೆತ ಬಿಡಿಭಾಗಗಳ ದರಪಟ್ಟಿಯೊಂದನ್ನು ಗಿರಾಕಿಗಳು ಇಂದಿಗೂ ತೆರೆಯುತ್ತಿರುವುದು ತಿಳಿದುಬರಬಹುದು. ಪ್ರತಿ ಹಳೆಯ ವಿಳಾಸವನ್ನೂ ಶಾಶ್ವತ ಬದಲಾವಣೆಯನ್ನು ಸೂಚಿಸುವ 301 ಸಂಕೇತದ ಮೂಲಕ ಹೊಸದಕ್ಕೆ ತಿರುಗಿಸಬೇಕು; 302 ತಾತ್ಕಾಲಿಕ ಬದಲಾವಣೆಗೆ ಮೀಸಲಾದುದು. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸುವುದು ಸೋಮಾರಿತನ. ಈ ವ್ಯವಸ್ಥೆಯನ್ನು ಕನಿಷ್ಠ 1 ವರ್ಷ ಉಳಿಸಿಕೊಳ್ಳುವಂತೆ ಗೂಗಲ್ ಸಲಹೆ ನೀಡುತ್ತದೆ. ಪಟ್ಟಿಯ ಕೆಲಸವು ಬೇಸರದ್ದು, ಕಣ್ಣಿಗೆ ಕಾಣದ್ದು. ವಿನ್ಯಾಸಕರು ತಮ್ಮ ಕೊಟೇಶನ್‌ನಲ್ಲಿ ಇದನ್ನು ಪ್ರತ್ಯೇಕ ಬಾಬ್ತಾಗಿ ತೋರಿಸುವುದು ಲೇಸು.

ಸರ್ವರ್ ಕೂಡ ಬದಲಾಗುವುದಾದರೆ ಡಿಎನ್‌ಎಸ್ ದಾಖಲೆಗಳತ್ತ ಗಮನ ಹರಿಸಬೇಕು. ಹಳೆಯ ಮಾಹಿತಿಯನ್ನು ಎಷ್ಟು ಕಾಲ ನೆನಪಿನಲ್ಲಿಡಬೇಕೆಂಬ ಅವಧಿಯು ಅಲ್ಲಿ 86400 ಸೆಕೆಂಡ್, ಎಂದರೆ ಇಡೀ ದಿನ, ಇದ್ದರೆ ಅದನ್ನು ಎರಡು ದಿನ ಮೊದಲೇ 300ಕ್ಕೆ ಇಳಿಸುವುದು ಉಚಿತ. ಆಗ ಬದಲಾವಣೆ ಬೇಗ ಹರಡುತ್ತದೆ. ತೊಂದರೆಯಾದರೆ ಬೇಗ ಹಿಂದಿರುಗಲೂ ಸಾಧ್ಯ. ಡಿಎನ್‌ಎಸ್ ಸೇವೆಯನ್ನೇ ಬದಲಿಸುವವರು ಇ-ಮೇಲ್‌ಗೆ ಸಂಬಂಧಿಸಿದ ಎಂಎಕ್ಸ್ ದಾಖಲೆಯನ್ನು ನಕಲಿಸಲು ಮರೆತರೆ ತಾಣವು ಚೆನ್ನಾಗಿಯೇ ತೆರೆದುಕೊಳ್ಳುತ್ತದೆ, ಅಂಚೆ ಮಾತ್ರ ನಿಂತುಹೋಗುತ್ತದೆ. ಗ್ರಾಹಕರಿಗೆ ಇದು ತಿಳಿಯುವುದು ಬಹಳ ತಡವಾಗಿ.

ಕೆಲವು ದಿನ ಹಳೆಯ ಸರ್ವರನ್ನೂ ಚಾಲನೆಯಲ್ಲಿಟ್ಟು, ಎರಡೂ ತಾಣಗಳ ವಿಚಾರಣಾ ನಮೂನೆಗಳು ಒಂದೇ ಅಂಚೆಪೆಟ್ಟಿಗೆಗೆ ತಲುಪುವಂತೆ ಏರ್ಪಡಿಸಬೇಕು. ಬಿಡುಗಡೆಗೆ ಶನಿವಾರ ರಾತ್ರಿಗಿಂತ, ಎಲ್ಲರೂ ಕಚೇರಿಯಲ್ಲಿರುವ ಮಂಗಳವಾರದ ಬೆಳಗ್ಗೆ ಅನುಕೂಲಕರ. ಮರುದಿನ 404 ದೋಷಗಳ ಪಟ್ಟಿಯನ್ನು ತೆಗೆದು ನೋಡಿದರೆ ಬಿಟ್ಟುಹೋದ ವಿಳಾಸಗಳು ಅಲ್ಲಿಯೇ ದೊರೆಯುತ್ತವೆ.