ಗಾಯದ ಎದುರು ಎರಡು ಜೀವಿಗಳು

ಸಲಮಾಂಡರ್ ನಮ್ಮ ನಾಡಿನ ಪ್ರಾಣಿಯಲ್ಲ. ಕಪ್ಪೆಯ ದೂರದ ಬಂಧು. ಮೆಕ್ಸಿಕೋ ದೇಶದ ಸೋಚಿಮಿಲ್ಕೊ ಸರೋವರ ಪ್ರದೇಶದಲ್ಲಿರುವ ಆಕ್ಸೊಲಾಟ್ಲ್ ಎಂಬ ಸಲಮಾಂಡರಿನ ಕಾಲು ತುಂಡಾದರೆ ಮೂಳೆ, ಸ್ನಾಯು, ನರಗಳ ಸಮೇತ ಹೊಸ ಕಾಲು ಬೆಳೆಯುತ್ತದೆ. ಮನುಷ್ಯದೇಹಕ್ಕೆ ಆ ಸಾಮರ್ಥ್ಯವಿಲ್ಲ; ನಮ್ಮ ಗಾಯವು ಕಲೆಯನ್ನು ಉಳಿಸಿ ಮುಚ್ಚಿಕೊಳ್ಳುತ್ತದೆ, ಅಷ್ಟೆ.

ಇದಕ್ಕೆ ವ್ಯತಿರಿಕ್ತವಾದ ಜೀವಿಯೊಂದು ಎಲ್ಲೆಡೆಯಂತೆ ಕೊಳಾಲದ ಹೊಲ, ಕೊಟ್ಟಿಗೆಗಳ ಮಣ್ಣಿನಲ್ಲಿಯೂ ಇರುತ್ತದೆ. ಅದು ಧನುರ್ವಾಯುವಿನ ಬ್ಯಾಕ್ಟೀರಿಯಾ, ಕ್ಲಾಸ್ಟ್ರಿಡಿಯಂ ಟೆಟಾನಿ. 1889ರಲ್ಲಿ ಜಪಾನಿನ ವಿಜ್ಞಾನಿ ಕಿಟಸಾಟೊ ಇದನ್ನು ಪ್ರತ್ಯೇಕಿಸಿದರು. ಬೀಜಕಣದ ರೂಪದಲ್ಲಿ ಅದು ವರ್ಷಗಟ್ಟಲೆ ಬದುಕುತ್ತದೆ. ಗಾಳಿಯಾಡದ ಆಳವಾದ ಗಾಯ ದೊರೆತಾಗ ಎಚ್ಚೆತ್ತು, ನರಗಳನ್ನು ಹಿಡಿಯುವ ವಿಷವನ್ನು ಸ್ರವಿಸುತ್ತದೆ. ಆಗ ದವಡೆ ಬಿಗಿಯುತ್ತದೆ, ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಈ ಲಕ್ಷಣವನ್ನು ಸುಶ್ರುತಸಂಹಿತೆಯು ಧನುಸ್ತಂಭವೆಂದು ಕರೆದಿದೆ.

ಆದ್ದರಿಂದ ಮುಳ್ಳು ಚುಚ್ಚಿದಾಗ, ಕುಡುಗೋಲು ತಗುಲಿದಾಗ ಮಣ್ಣನ್ನಾಗಲಿ ಸಗಣಿಯನ್ನಾಗಲಿ ಮೆತ್ತಬಾರದು. ಸಾಬೂನು ಮತ್ತು ಶುದ್ಧ ನೀರಿನಿಂದ ಗಾಯವನ್ನು ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಗಾಯಕ್ಕೆ ಮಣ್ಣು ಸೇರಿದ್ದು, ಹಿಂದಿನ ಧನುರ್ವಾಯು ಚುಚ್ಚುಮದ್ದಿಗೆ 5 ವರ್ಷ ಮೀರಿದ್ದರೆ ಮತ್ತೊಂದನ್ನು ಹಾಕಿಸಿಕೊಳ್ಳುವುದು ಅವಶ್ಯ. ಅರಿಶಿನ, ಬೇವುಗಳು ಆ ವಿಷವನ್ನು ತಡೆಯಲಾರವು. ಆಯುರ್ವೇದ ವೈದ್ಯರಾದ ನಾವೇ ಇದನ್ನು ಹೇಳುತ್ತಿದ್ದೇವೆ. ಕಳೆದುಕೊಂಡುದನ್ನು ಮತ್ತೆ ಬೆಳೆಸಿಕೊಳ್ಳಲಾರದ ದೇಹವನ್ನು ಮೊದಲೇ ಕಾಪಾಡಿಕೊಳ್ಳುವುದೇ ಜಾಣತನ.