ಸಾರ್ಟಿ: ಒಂದು ವಿಮಾನ, ಒಂದು ಹಾರಾಟ

ಯುದ್ಧ ವರದಿಗಳಲ್ಲಿ ‘ವಾಯುಪಡೆ ಇಷ್ಟು ಸಾರ್ಟಿ ನಡೆಸಿತು’ ಎಂಬ ಮಾತು ಪದೇ ಪದೇ ಬರುತ್ತದೆ. ಒಂದು ಸೇನಾ ವಿಮಾನ ನೆಲ ಬಿಟ್ಟು ಮೇಲೇರಿ, ಕೆಲಸ ಮುಗಿಸಿ ಮತ್ತೆ ನೆಲಕ್ಕಿಳಿದರೆ ಅದು ಒಂದು ಸಾರ್ಟಿ. ದಾಳಿಯೇ ಆಗಬೇಕೆಂದಿಲ್ಲ; ಗಸ್ತು, ತರಬೇತಿ, ಸರಕು ಸಾಗಣೆಯೂ ಲೆಕ್ಕಕ್ಕೆ ಸೇರುತ್ತವೆ.

ಈ ಪದದ ಮೂಲ ಫ್ರೆಂಚ್, ‘ಹೊರಗೆ ಹೋಗುವುದು’ ಎಂದರ್ಥ. ಮುತ್ತಿಗೆಗೆ ಸಿಕ್ಕಿದ ಕೋಟೆಯ ಸೈನಿಕರು ಬಾಗಿಲು ತೆರೆದು ಹೊರನುಗ್ಗಿ ಶತ್ರುವಿನ ಮೇಲೆ ಬೀಳುತ್ತಿದ್ದುದಕ್ಕೆ ಈ ಹೆಸರಿತ್ತು. ವಿಮಾನಗಳು ಬಂದಾಗ ಪದವೂ ಆಕಾಶಕ್ಕೇರಿತು.

ಪರೀಕ್ಷೆಯ ಅಭ್ಯರ್ಥಿಗಳು ಎಡವುವುದು ಸಾರ್ಟಿಯ ಎಣಿಕೆಯಲ್ಲಿ. ನಾಲ್ಕು ವಿಮಾನಗಳು ಒಂದೇ ಗುರಿಯತ್ತ ಒಟ್ಟಿಗೆ ಹೋಗಿಬಂದರೆ ಕಾರ್ಯಾಚರಣೆ ಒಂದು, ಸಾರ್ಟಿ ನಾಲ್ಕು. ಅವೇ ನಾಲ್ಕು ದಿನಕ್ಕೆ ಮೂರು ಸಲ ಹಾರಿದರೆ ಹನ್ನೆರಡು. ಹಾಗಾಗಿ ಸಾರ್ಟಿಯ ಸಂಖ್ಯೆ ನೋಡಿ ವಿಮಾನಗಳ ಸಂಖ್ಯೆ ಹೇಳಲಾಗದು. ಸಾರ್ಟಿಯ ಸಂಖ್ಯೆಯ ಹಿಂದೆ ನೆಲದ ಮೇಲಿನ ಸಿಬ್ಬಂದಿಯ ಬೆವರಿದೆ: ಇಳಿದ ವಿಮಾನದ ಟೈರು ನೋಡಿ, ಇಂಧನ ತುಂಬಿ, ಶಸ್ತ್ರ ಜೋಡಿಸಿ ಅವರು ಎಷ್ಟು ಬೇಗ ಸಜ್ಜುಗೊಳಿಸುತ್ತಾರೋ ಅಷ್ಟು ಹೆಚ್ಚು ಸಾರ್ಟಿ. ಪೈಲಟ್‌ಗೆ ಸಿಗುವ ಮೆಚ್ಚುಗೆ ಅವರಿಗೂ ಸಲ್ಲಬೇಕು.

ನೆನಪಿಡಿ: 2006ರ ಜೂನ್ 8ರಂದು ಪುಣೆಯಲ್ಲಿ ಸುಖೋಯ್-30ರಲ್ಲಿ ಸಾರ್ಟಿ ನಡೆಸಿದ ಎ.ಪಿ.ಜೆ. ಅಬ್ದುಲ್ ಕಲಾಂ, ಯುದ್ಧವಿಮಾನದಲ್ಲಿ ಹಾರಿದ ಭಾರತದ ಮೊದಲ ರಾಷ್ಟ್ರಪತಿ. ಪ್ರಧಾನಿ ನರೇಂದ್ರ ಮೋದಿ 2023ರ ನವೆಂಬರ್ 25ರಂದು ತೇಜಸ್ ಯುದ್ಧವಿಮಾನದಲ್ಲಿ ಸಾರ್ಟಿ ನಡೆಸಿದ್ದು ಬೆಂಗಳೂರಿನಲ್ಲಿ. ತೇಜಸ್ ಮಾದರಿಯ ವಿಮಾನ 2001ರ ಜನವರಿ 4ರಂದು ಮೊದಲ ಬಾರಿಗೆ ಹಾರಿದ್ದೂ ಅದೇ ಊರಿನಲ್ಲಿ.