ಯಮನಕ ವಂಶವಾಹಿಗಳು

ಒಮ್ಮೆ ಚರ್ಮವೋ ಕರುಳೋ ಆಗಿ ನೆಲೆನಿಂತ ಜೀವಕೋಶವು ಭ್ರೂಣದ ಆದಿಮಸ್ಥಿತಿಗೆ ಮರಳಲಾರದೆಂಬ ನಂಬುಗೆಯನ್ನು, ಗೊದಮೊಟ್ಟೆಯ ಕರುಳಿನ ಕೋಶಕೇಂದ್ರವನ್ನು ಕಪ್ಪೆಯ ಅಂಡದೊಳಗಿರಿಸಿ ಜಾನ್ ಗರ್ಡನ್ 1962ರಲ್ಲಿಯೇ ಅಲುಗಿಸಿದ್ದರು. 2006ರಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಶಿನ್ಯಾ ಯಮನಕ ಮತ್ತು ಕಜುತೋಶಿ ತಕಹಾಶಿಯವರು, 24 ವಂಶವಾಹಿಗಳನ್ನು ರೆಟ್ರೋವೈರಸ್ಸಿನ ಮೂಲಕ ಇಲಿಯ ಕೋಶಗಳಿಗೆ ಹೊಗಿಸಿ, ಬಳಿಕ ಒಂದೊಂದನ್ನೇ ಕಳೆದು, ಯಾವುದಿಲ್ಲದಿರೆ ಕೋಶವು ಆದಿಮಸ್ಥಿತಿಗೆ ಮರಳದೆಂದು ಪರೀಕ್ಷಿಸುತ್ತ (ಸಾರಿಗೆ ಉಪ್ಪಿಲ್ಲದುದು ಉಣ್ಣುವಾಗ ತಿಳಿಯುವಂತೆ), ಕಡೆಗೆ ನಾಲ್ಕನ್ನೇ ಉಳಿಸಿಕೊಂಡರು: ಆಕ್ಟ್-4, ಸಾಕ್ಸ್-2, ಕೆಎಲ್‌ಎಫ್-4, ಸಿ-ಮಿಕ್. ಬಹುಶಕ್ತತೆಯನ್ನು (ಯಾವ ಬಗೆಯ ಕೋಶವಾದರೂ ಆಗಬಲ್ಲ ಗುಣವನ್ನು) ಕಾಯುವ ನ್ಯಾನೋಗ್ ವಂಶವಾಹಿ ಈ ಪಟ್ಟಿಯಲ್ಲಿಲ್ಲ. ಸಿ-ಮಿಕ್ ಅರ್ಬುದಕಾರಕವಾದುದರಿಂದ ಈ ಕೋಶಗಳನ್ನು ಚಿಕಿತ್ಸೆಗೆ ಬಳಸಲು ತೊಡಕಾಯಿತು. ಮಾನವಕೋಶಗಳಲ್ಲಿ ಸಿದ್ಧಿ 2007ರಲ್ಲಿ. ಗರ್ಡನ್–ಯಮನಕರಿಗೆ ವೈದ್ಯಕೀಯ ನೊಬೆಲ್ 2012ರಲ್ಲಿ.